ಇಂದ್ರಜಿತುವಿನ ತಂದೆ



ಕೃಷ್ಣರಾಜಪೇಟೆಗೆ ಸಮೀಪದ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣ ದೇವಾಲಯವನ್ನು ಬಲಬಂದವರು ಗೋಡೆಯ ಬುಡದ ಪಟ್ಟಿಕೆಗಳಲ್ಲಿ ರಾಮಾಯಣವನ್ನು ಕಂಡೇ ಇರುವರು. ಹೊಯ್ಸಳ ಶಿಲ್ಪಿಯು ಯುದ್ಧವನ್ನು ಕಡೆದನು, ಕೂಗನ್ನು ಕಡೆಯಲಾರನು. ನಾಗಮಂಗಲ, ಪಾಂಡವಪುರಗಳ ಕಡೆ ಆ ಕೊರತೆಯನ್ನು ತುಂಬಿದವರು ಮೂಡಲಪಾಯದ ಭಾಗವತರು, ತೊಗಲುಗೊಂಬೆಯವರು. ಅಂತಹ ಸೀಮೆಗೆ ವಾಕ್ಚಿತ್ರವು ಹೊಸ ಕಥೆಯನ್ನೇನೂ ತರಬೇಕಾಗಿರಲಿಲ್ಲ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ನೆಯ ಮಾರ್ಚಿ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ. ವಿ. ರಾವ್ ಅವರ ನಿರ್ದೇಶನ, ಬೆಳ್ಳಾವೆ ನರಹರಿಶಾಸ್ತ್ರಿಗಳ ಸಾಹಿತ್ಯ; ಚಿತ್ರ ತೆಗೆದುದು ಕೊಲ್ಲಾಪುರದಲ್ಲಿ. ಹೆಸರು ಸೊಸೆಯದು. ಆದರೆ ಕಥೆಯ ನೋವು ತಂದೆಮಕ್ಕಳದೆಂದೇ ನನ್ನ ಎಣಿಕೆ. ಇಂದ್ರಜಿತು ತಂದೆಯ ತಪ್ಪಿಗಾಗಿ ಯುದ್ಧಕ್ಕೆ ಹೋಗುತ್ತಾನೆ. ರಾವಣನು ತನ್ನ ತಪ್ಪಿನ ಬೆಲೆಯನ್ನು ಮಗನ ಶವದಲ್ಲಿ ಕಾಣುತ್ತಾನೆ. ವಾಲ್ಮೀಕಿಯಲ್ಲಿ ಸುಲೋಚನೆಯೇ ಇಲ್ಲ. ಅಲ್ಲಿ ಅಳುವವನು ತಂದೆ. ಅತ್ತು, ಶೋಕವು ಕ್ರೋಧವಾಗಿ, ಸೀತೆಯನ್ನು ಕೊಲ್ಲಲು ಹೊರಟವನನ್ನು ಸುಪಾರ್ಶ್ವನು ತಡೆಯುತ್ತಾನೆ.

ರಾವಣನಾಗಿ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯನಾಯುಡು ಅವರು ಅಭಿನಯಿಸಿದರು. ಇಬ್ಬರೂ ಒಂದೇ ನಾಟಕಮಂಡಲಿಯನ್ನು ನಡೆಸಿದ ಜೊತೆಗಾರರು. ಕಡೆಯ ಸಾಲಿನ ನೆಲದ ಪ್ರೇಕ್ಷಕನಿಗೂ ಮುಟ್ಟುವಂತೆ ಕಂಠವನ್ನು ಪಳಗಿಸಿದವರು. ಮೂಕಚಿತ್ರದಲ್ಲಿ ಪುತ್ರಶೋಕವೆಂದರೆ ಎದೆ ಬಡಿದುಕೊಳ್ಳುವುದು, ಬಳಿಕ ಬರಹದ ಒಂದು ಫಲಕ. ಧ್ವನಿ ಬಂದೊಡನೆ ತಂದೆಯು ಮಾತನಾಡಲೇಬೇಕಾಯಿತು. ಮಾತು ತಡವರಿಸುವ ಆ ಕ್ಷಣಮಾತ್ರದ ಮೌನವೂ ಕೇಳುವಂತಾಯಿತು. (ಇದನ್ನು ಬಾನುಲಿಯಲ್ಲಿ ಮಾತನಾಡುವವನು ಚೆನ್ನಾಗಿ ಬಲ್ಲನು!)

ಶ್ರೀರಂಗಪಟ್ಟಣ, ಪಾಂಡವಪುರಗಳಿಗೆ ಅಂದು ರೈಲಿತ್ತು. ನಾಗಮಂಗಲಕ್ಕೂ ಕೃಷ್ಣರಾಜಪೇಟೆಗೂ ಇರಲಿಲ್ಲ. ಅಂತಹ ಊರುಗಳಿಗೆ ಸಿನೆಮಾ ಹೋಗುವುದಾದರೆ ಡೇರೆಯನ್ನು ಗಾಡಿಗೆ ಹೇರಿಕೊಂಡೇ ಹೋಗಬೇಕು.

ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಏಳುನೂರು ವರ್ಷ ದಾಟಿದ ಹೊಸಹೊಳಲಿನ ಕಲ್ಲು ಇದೆ. ನೂರು ವರ್ಷವೂ ತುಂಬದ ಆ ರಾವಣನ ಕಂಠವಿಲ್ಲ. ಮಾತನಾಡಿದ ಮೊದಲ ಕನ್ನಡ ಚಿತ್ರವೇ ನಮ್ಮ ಪಾಲಿಗೆ ಮೂಕವಾಗಿರುವುದು ನನಗೆ ಸಹಿಸಲಾಗದ ಸಂಗತಿ.

1943ರಲ್ಲಿ ಅದೇ ನಾಗೇಂದ್ರರಾಯರು ‘ಸತ್ಯ ಹರಿಶ್ಚಂದ್ರ’ವನ್ನು ನಿರ್ದೇಶಿಸಿದರು. ಹರಿಶ್ಚಂದ್ರನ ಪಾತ್ರ ಸುಬ್ಬಯ್ಯನಾಯುಡು ಅವರದು. ಒಂಬತ್ತು ವರ್ಷಗಳ ಹಿಂದೆ ರಾವಣನಿಗೆ ಮಗನಾಗಿ ಮಡಿದವರು ಈಗ ತಾವೇ ತಂದೆಯಾಗಿ, ಲೋಹಿತಾಶ್ವನ ಹೆಣವನ್ನು ತಂದ ತಾಯಿಯನ್ನು ಮಸಣದ ಸುಂಕ ಕೇಳುವ ಪಾತ್ರಕ್ಕೆ ಬಂದಿದ್ದರು.