ಕುಡಿದವನು ಎದ್ದೊಡನೆ ಬೀಳುವುದೇಕೆ?

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆಯವರಾದರೆ ನೀವು ಇದನ್ನು ಕಂಡಿರುತ್ತೀರಿ. ಬೇಸಗೆಯ ಸಂಜೆ, ಕುಡಿದು ಕುಳಿತವನು ಎದ್ದು ನಿಲ್ಲುತ್ತಾನೆ, ಕಣ್ಣು ಕತ್ತಲಿಟ್ಟು ಬೀಳುತ್ತಾನೆ. ‘ಏರಿತು’ ಎಂದು ಜನ ನಗುತ್ತಾರೆ. ಏರಿದ್ದಲ್ಲ, ಇಳಿದದ್ದು: ರಕ್ತದ ಒತ್ತಡ.

ಒಂದು ಸಣ್ಣ ಪ್ರಯೋಗ ಮಾಡಿ. ಐದು ನಿಮಿಷ ಅಂಗಾತ ಮಲಗಿ ನಾಡಿ ಎಣಿಸಿ. ಎದ್ದು ನಿಂತು ಕೂಡಲೇ ಮತ್ತೆ ಎಣಿಸಿ. ಬಡಿತ ಹೆಚ್ಚಿರುತ್ತದೆ. ನಿಂತಾಗ ರಕ್ತ ಕಾಲಿನತ್ತ ಇಳಿಯುತ್ತದೆ. ಕತ್ತಿನ ಧಮನಿಯಲ್ಲಿರುವ ಒತ್ತಡ ಸಂವೇದಕಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೃದಯಕ್ಕೆ ಬ್ರೇಕಿನಂತಿರುವ ವೇಗಸ್ ನರ ಹಿಡಿತ ಸಡಿಲಿಸುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಇದು ಪರಾವರ್ತಿತ ಪ್ರತಿಕ್ರಿಯೆ. ನಿಮ್ಮ ಅಪ್ಪಣೆಗಾಗಿ ಅದು ಕಾಯುವುದಿಲ್ಲ.

ಮದ್ಯ ಕೈಹಾಕುವುದು ಇಲ್ಲಿಗೇ. ಕುಡಿದಾಗ ಎದೆಬಡಿತ ಏರಿದರೆ ‘ಕಸುವು ಬಂತು’ ಎನ್ನುವವರುಂಟು. ಕಸುವೆಲ್ಲಿಯದು? ಬ್ರೇಕು ಸಡಿಲವಾಗಿದೆ, ಅಷ್ಟೆ. ಎದ್ದಾಗ ಬಿಗಿಯಬೇಕಾದ ರಕ್ತನಾಳಗಳೂ ಸರಿಯಾಗಿ ಬಿಗಿಯುವುದಿಲ್ಲ. ಜೊತೆಗೆ ಮದ್ಯ ಮೂತ್ರ ಹೆಚ್ಚಿಸುತ್ತದೆ. 40 ಡಿಗ್ರಿ ಬಿಸಿಲಲ್ಲಿ ದಿನವಿಡೀ ಬೆವರಿದ ಮೈಯಿಂದ ಇನ್ನಷ್ಟು ನೀರು ಹೋಗುತ್ತದೆ.

ಇನ್ನು ಸೆರೊಟೋನಿನ್. ಮೆದುಳಿನ ರಾಸಾಯನಿಕವೆಂದು ಓದಿರುತ್ತೀರಿ. ಆದರೆ ಅದರ ಬಹುಪಾಲು ಇರುವುದು ಕರುಳಿನಲ್ಲಿ. ಅದರ ಗ್ರಾಹಕಗಳು ಹಲವು ಬಗೆ. ಮೂರನೆಯ ಬಗೆಯದು ಬಾಗಿಲಿನಂಥದು: ಸೆರೊಟೋನಿನ್ ತಗುಲಿದರೆ ತೆರೆದು ಅಯಾನುಗಳನ್ನು ಒಳಬಿಡುತ್ತದೆ. ಮದ್ಯವಿದ್ದರೆ ಈ ಬಾಗಿಲು ಇನ್ನೂ ಸಲೀಸಾಗಿ ತೆರೆಯುವುದು ನರಕೋಶಗಳ ಪ್ರಯೋಗಗಳಲ್ಲಿ ಕಂಡಿದೆ. ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್ ಮಾತ್ರೆ ಇದೇ ಬಾಗಿಲನ್ನು ಮುಚ್ಚುತ್ತದೆ. ಹೃದಯದಿಂದ ಸುದ್ದಿ ಒಯ್ಯುವ ವೇಗಸ್ ನರದ ತುದಿಗಳಲ್ಲೂ ಇವೇ ಗ್ರಾಹಕಗಳಿವೆ. ಪ್ರಯೋಗಶಾಲೆಯ ಪ್ರಾಣಿಗಳಲ್ಲಿ ಅವನ್ನು ಕೆರಳಿಸಿದರೆ ಬಡಿತ ನಿಧಾನವಾಗಿ, ರಕ್ತನಾಳ ಹಿಗ್ಗಿ, ಒತ್ತಡ ಕುಸಿಯುತ್ತದೆ. 1867ರಲ್ಲಿ ಬೆಜೋಲ್ಡ್ ಒಂದು ಸಸ್ಯವಿಷ ಕೊಟ್ಟು ಕಂಡ ಪ್ರತಿಕ್ರಿಯೆಯೇ ಇದು. ಯಾರಿಶ್ ಹೆಸರೂ ಅದಕ್ಕೆ ಸೇರಿದೆ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅಣು ನಿಲ್ಲಲಿಲ್ಲ; ಅಗ್ಗದ ವಿಸ್ಕಿಯಲ್ಲಿರುವುದೂ ಅದೇ ಎಥನಾಲ್. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಹೆಂಗಸರಲ್ಲಿ ರಾಯಚೂರು ಜಿಲ್ಲೆಯವರೂ ಇದ್ದರು. ಗ್ರಾಹಕದ ಹೆಸರು ಅವರಿಗೆ ಬೇಕಿರಲಿಲ್ಲ.

ನಿಮ್ಮೆದುರು ಯಾರಾದರೂ ಹೀಗೆ ಬಿದ್ದರೆ ಎತ್ತಿ ನಿಲ್ಲಿಸಬೇಡಿ. ಎಚ್ಚರವಿಲ್ಲದವನ ಬಾಯಿಗೆ ಮಜ್ಜಿಗೆ, ನಿಂಬೆರಸ ಹುಯ್ಯಬೇಡಿ. ಅದು ಶ್ವಾಸನಾಳ ಸೇರೀತು. ಮಗ್ಗುಲಾಗಿ ಮಲಗಿಸಿ, ಉಸಿರು ಗಮನಿಸುತ್ತ 108ಕ್ಕೆ ಕರೆ ಮಾಡಿ.