ವಕ್ತೃ ಪ್ರಶ್ನೆ ಕೇಳಿದರೆ



ಮೌಲ್ಯಮಾಪನಕ್ಕೆ ಬಂದ ಪಿಎಚ್.ಡಿ. ಪ್ರಬಂಧಗಳಲ್ಲಿ ನಾನು ಮೊದಲು ನೋಡುವುದು ಅನುಬಂಧ. ಅಲ್ಲಿ ವಕ್ತೃಗಳ ಪಟ್ಟಿ ಇರುತ್ತದೆ: ಹೆಸರು, ವಯಸ್ಸು, ಊರು, ಕೊನೆಯ ಕಾಲಮ್ಮಿನಲ್ಲಿ ‘ಅನಕ್ಷರಸ್ಥೆ’. ಮುನ್ನೂರು ಪುಟದ ಪ್ರಬಂಧ ಆಕೆಯ ಮಾತಿನ ಮೇಲೆಯೇ ನಿಂತಿರುತ್ತದೆ. ಆದರೂ ಸಾಮಗ್ರಿಯಷ್ಟೇ ಅವಳದು, ಸಿದ್ಧಾಂತವೆಲ್ಲ ಪಶ್ಚಿಮದವರದು. ಈ ಹಂಚಿಕೆಯನ್ನು ಮುಟ್ಟದೆಯೇ ನಾವು ‘ಜ್ಞಾನಪರಂಪರೆಗಳ ಸಂಗಮ’ ಎಂದು ಬ್ಯಾನರ್ ಬರೆಸುತ್ತೇವೆ. ಇಂದಿನ ಬ್ಯಾನರನ್ನು ಕುರಿತು ಹೇಳಿದ್ದೆಂದು ಸಂಘಟಕರು ತಿಳಿದರೆ ನನ್ನ ಅಭ್ಯಂತರವಿಲ್ಲ.

ಬಿಳಿಗಿರಿರಂಗನ ಬೆಟ್ಟದ ತರಗು ಬೆಂಕಿಯನ್ನೇ ನೋಡಿ. ಬೇಸಿಗೆ ಬಲಿಯುವ ಮೊದಲೇ ಅಲ್ಲಿನ ಮೂಲನಿವಾಸಿಗಳಾದ ಸೋಲಿಗರು ಉದುರಿದ ಎಲೆಗೆ ಕಿಚ್ಚು ಹಚ್ಚುತ್ತಿದ್ದರು. ನೆಲಕ್ಕಂಟಿ ಹರಿಯುವ ಸಣ್ಣ ಬೆಂಕಿ ಅದು. ತರಗು ಸುಡುತ್ತದೆ, ದೊಡ್ಡ ಮರಗಳು ಉಳಿಯುತ್ತವೆ. 1974ರಲ್ಲಿ ಕಾಡು ಅಭಯಾರಣ್ಯವಾಯಿತು, ಬೆಂಕಿ ಹಚ್ಚುವುದು ನಿಂತಿತು. ಹೊರಗಿನಿಂದ ಬಂದ ಕಳೆಪೊದೆ ಲಂಟಾನ ಹಬ್ಬತೊಡಗಿತು. ಪರಿಸರ ಸಂಶೋಧನೆ ನಡೆಸುವ ಏಟ್ರೀ ಸಂಸ್ಥೆಯವರು ಕಾಡಿನುದ್ದಕ್ಕೂ ಜಾಗ ಗುರುತು ಮಾಡಿ ಎಣಿಸಿದ್ದಾರೆ. 1997ರಲ್ಲಿ ನೂರಕ್ಕೆ ಸುಮಾರು 40 ಕಡೆ ಇದ್ದ ಲಂಟಾನ 2008ರಲ್ಲಿ ಸುಮಾರು 80 ಕಡೆ ಸಿಕ್ಕಿತು. ಸೋಲಿಗ ಹಿರಿಯರನ್ನು ಕೇಳಿದರೆ, ತರಗು ಬೆಂಕಿ ನಿಂತದ್ದೇ ಕಾರಣ ಎನ್ನುತ್ತಾರೆ. ನೆಲ್ಲಿ ಮರಕ್ಕೆ ‘ಉಪ್ಪಿಲು’, ಅಂದರೆ ಬಂದಳಿಕೆ, ಹತ್ತಿಕೊಂಡದ್ದಕ್ಕೂ ಅದನ್ನೇ ಹೇಳುತ್ತಾರೆ.

ಈ ಮಾತನ್ನು ಯಾವ ಅಧ್ಯಾಯದಲ್ಲಿ ಇಡುತ್ತೀರಿ? ‘ಜನಪದ ನಂಬಿಕೆಗಳು’ ಎಂಬಲ್ಲಿಗೆ ತಳ್ಳಿದರೆ ಕೆಲಸ ಸುಲಭ. ಆದರೆ ಇದು ಕಾರಣ ಕೊಡುವ ವಾದ. ಪರೀಕ್ಷಿಸಬಹುದು, ತಪ್ಪೆಂದೂ ತೋರಿಸಬಹುದು. ಏಟ್ರೀಯವರು ಅದನ್ನು ಹಾಗೆಯೇ ಕೈಗೆತ್ತಿಕೊಂಡು ಲೇಖನ ಪ್ರಕಟಿಸಿದರು. ಬೆಂಕಿಯೊಂದೇ ಕಾರಣವೇ ಎಂದು ತಕರಾರು ತೆಗೆಯಬಹುದು, ತೆಗೆಯಲೂ ಬೇಕು. ಹಿರಿಯರು ಹೇಳಿದ್ದಕ್ಕೆಲ್ಲ ಕೈಮುಗಿದು ಸುಮ್ಮನಾಗುವವರು ಅವರ ಮಾತನ್ನು ಅಸಲಿಗೆ ಕೇಳಿಯೇ ಇರುವುದಿಲ್ಲ.

ಎರಡು ಅರಿವುಗಳನ್ನು ಹೀಗೆ ಎದುರುಬದುರು ಕೂರಿಸುವ ಯತ್ನ ಬೇರೆಡೆಯೂ ನಡೆದಿದೆ. ಕೆನಡಾದಲ್ಲಿ ಮಿಕ್‌ಮಾ ಸಮುದಾಯದ ಹಿರಿಯ ಆಲ್ಬರ್ಟ್ ಮಾರ್ಷಲ್ 2004ರಲ್ಲಿ ‘ಎರಡು ಕಣ್ಣಿನ ನೋಟ’ವನ್ನು ಮುಂದಿಟ್ಟರು. ಒಂದು ಕಣ್ಣಲ್ಲಿ ಮೂಲನಿವಾಸಿಗಳ ಅರಿವು, ಇನ್ನೊಂದರಲ್ಲಿ ಪಶ್ಚಿಮದ ವಿಜ್ಞಾನ. ನನಗೆ ಇನ್ನೂ ಇಷ್ಟವಾದವರು ನಿಸ್ಗಾ ಸಮುದಾಯದ ವಾಸ್ತುಶಿಲ್ಪಿ ಪ್ಯಾಟ್ರಿಕ್ ಸ್ಟೀವರ್ಟ್. ಇವರು 2015ರಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪ್ರಬಂಧದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಿಲ್ಲ, ಪೂರ್ಣವಿರಾಮ ಹುಡುಕಿದರೂ ಸಿಗುವುದು ಕಷ್ಟ. ಪ್ರತಿ ಅಧ್ಯಾಯದ ತಲೆಗೆ ಮಾತ್ರ ವ್ಯಾಕರಣಬದ್ಧವಾದ ಒಂದು ಪುಟ್ಟ ಸಾರಾಂಶ. ಅದನ್ನು ಕೆಲವರು ರಾಜಿ ಎಂದಾರು. ನನಗದು ಚೇಷ್ಟೆಯಂತೆ ಕಾಣುತ್ತದೆ. ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು.

ನಮ್ಮಲ್ಲಿ ಇಷ್ಟು ಬೇಗ ವಿರಾಮಚಿಹ್ನೆ ಬಿಡಲು ಯಾರೂ ಒಪ್ಪರು. ಅದಕ್ಕಿಂತ ಸುಲಭವಾದದ್ದನ್ನು ಕೇಳುತ್ತೇನೆ. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆತಿದೆ. ಹಾಗಿರುವಾಗ ಆ ಕಾಡಿನ ಮೇಲೆ ಬರೆಯುವವರ ಸಾರಲೇಖ ವಿಭಾಗದ ಸಮಿತಿಗಿಂತ ಮೊದಲು ಗ್ರಾಮಸಭೆಯ ಮುಂದೆ ಬರಲಿ. ವೈವಾ ಸೋಲಿಗರ ಪೋಡಿನಲ್ಲೇ, ಅಂದರೆ ಅವರ ಹಾಡಿಯಲ್ಲೇ, ನಡೆಯಲಿ, ಅಲ್ಲಿನವರ ನುಡಿಯಲ್ಲಿ. ಪೋಡಿನ ಯಜಮಾನರು ಕೇಳಿದ ಪ್ರಶ್ನೆಗಳೂ ವಿದ್ಯಾರ್ಥಿ ಕೊಟ್ಟ ಉತ್ತರಗಳೂ ಪರೀಕ್ಷಕರ ವರದಿಯಲ್ಲಿ ದಾಖಲಾಗಲಿ. ಉತ್ತರ ಸಾಲದೆಂದು ಯಜಮಾನರಿಗೆ ಕಂಡರೆ, ಪ್ರಬಂಧವನ್ನು ತಿದ್ದಲು ವಾಪಸು ಕಳಿಸುವ ಅಧಿಕಾರವೂ ಅವರಿಗಿರಲಿ.