ಜೋಳದ ಡಬ್ಬಿಯ ಪತಂಗ



ಕಲಬುರಗಿಗೋ ಬೀದರಿಗೋ ಹೋಗಿಬಂದವರು ರೊಟ್ಟಿಗೆಂದು ಹೈದರಾಬಾದಿಗೆ ಜೋಳ ತರುವುದುಂಟು. ಎರಡು ತಿಂಗಳ ಮೇಲೆ ಡಬ್ಬಿ ತೆರೆದರೆ ಕಾಳು ಬಲೆ ಕಟ್ಟಿ ಗಂಟಾಗಿರುತ್ತದೆ, ಬೂದುಬಣ್ಣದ ಪತಂಗವೊಂದು ಹಾರಿಹೋಗುತ್ತದೆ. ಇದೇ ಅಕ್ಕಿ ಪತಂಗ. ಅಕ್ಕಿ, ಜೋಳ, ರವೆ, ಶೇಂಗಾ ಯಾವುದನ್ನೂ ಬಿಡದು. ಹಾರುವ ಪತಂಗ ಕಾಳು ತಿನ್ನುವುದಿಲ್ಲ. ತಿನ್ನುವುದು ನೂಲು ನೇಯುವ ಅದರ ಮರಿಹುಳು. ಹಾಗಾಗಿ ಪತಂಗವನ್ನು ಹೊಡೆದರೆ ಸಾಲದು. ಮೊಟ್ಟೆ, ಹುಳು ಎರಡೂ ಸಾಯಬೇಕು.

"ಮೈಕ್ರೋವೇವ್ ಓವನ್‌ನಲ್ಲಿ ಎರಡು ನಿಮಿಷ ಇಟ್ಟರಾಯಿತಲ್ಲ?" ಎನ್ನುತ್ತೀರಿ. ದಯವಿಟ್ಟು ಬೇಡ. ಅದರ ಅಲೆಗಳು ಮುಖ್ಯವಾಗಿ ನೀರಿನಂಶವನ್ನು ಕಾಯಿಸುತ್ತವೆ. ಒಣಕಾಳಿನಲ್ಲಿ ನೀರು ಕಡಿಮೆ, ಬಿಸಿಯೂ ಎಲ್ಲ ಕಡೆ ಸಮನಾಗಿ ತಾಗದು. ಒಂದು ಕಡೆ ಕಾಳು ಸೀದು ಹೊಗೆಯಾಡಬಹುದು, ಇನ್ನೊಂದು ಕಡೆ ಮೊಟ್ಟೆ ಉಳಿದುಬಿಡಬಹುದು. ಪೊಟ್ಟಣಕ್ಕೆ ಪಿನ್ನು ಹೊಡೆದಿದ್ದರೆ ಕಿಡಿ ಹಾರೀತು. ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯಬೇಡಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ತಾನಾಗಿ ಆರಲು ಬಿಡಿ.

ಮತ್ತೇನು ಮಾಡಬೇಕು? ಬಲೆ ಕಟ್ಟಿ ವಾಸನೆ ಬಂದದ್ದನ್ನು ಎಸೆಯಿರಿ. ಹೊಸ ಜೋಳ ತಂದಾಗಲೇ ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಡಿ. ತೆಗೆದ ಮೇಲೆ ತಣ್ಣನೆ ಪೂರ್ತಿ ಹೋಗುವವರೆಗೆ ಚೀಲ ಬಿಚ್ಚಬೇಡಿ, ತೇವ ಹಿಡಿಯುತ್ತದೆ. ರವೆಯಾದರೆ ತಂದ ದಿನವೇ ಬಾಣಲೆಯಲ್ಲಿ ಹುರಿದಿಡಿ. ಡಬ್ಬಿಯ ಮುಚ್ಚಳದ ಸಂದಿಯಲ್ಲೂ ಹುಳು ಗೂಡು ಕಟ್ಟುತ್ತದೆ. ತೊಳೆದು ಒಣಗಿಸಿಯೇ ತುಂಬಿ.

ಊರಿನ ಜೋಳ ಹುಳುವಿನ ಪಾಲಾಗದೆ ನಿಮ್ಮ ತಟ್ಟೆಯ ರೊಟ್ಟಿಯಾಗಲಿ.